ಬಳ್ಳಾರಿಯಿಂದ ಮೊದಲ ಮ್ಯಾರಥಾನ್: ಹೈದರಾಬಾದೋ, ಬೆಂಗಳೂರೋ, ಮುಂಬೈಯೋ?

ಹೋದ ಭಾನುವಾರ ಕಾಲುವೆ ದಂಡೆಯ ಮೇಲೆ ಓಡಿ ಮುಗಿಸಿ ಕೂತಿದ್ದೆವು. ನಮ್ಮ ಗುಂಪಿನ ಹುಡುಗನೊಬ್ಬ ಕೇಳಿದ: ‘ಅಣ್ಣಾ, ಮೊದಲ್ನೇ ಫುಲ್ ಯಾವುದು ಮಾಡ್ಲಿ? ಹೈದರಾಬಾದ್ ಹತ್ರ ಐತಿ. ಬೆಂಗಳೂರಿಗೆ ರಾತ್ರಿ ಟ್ರೈನ್ ಐತಿ. ಮುಂಬೈ ಅಂದ್ರ ಎಲ್ಲರಿಗೂ ಗೊತ್ತು.’

ಮೂರೂ ಮಾತು ಸರಿ. ಆದರೆ ಮೂರೂ ಓಟದ ದಿನದ ಬಗ್ಗೆ ಮಾತ್ರ. ಆ ಒಂದು ಬೆಳಿಗ್ಗೆಗಾಗಿ ನಾಲ್ಕು ತಿಂಗಳು ಬಳ್ಳಾರಿಯ ರಸ್ತೆಯಲ್ಲೇ ಓಡಬೇಕಲ್ವಾ? ಆ ನಾಲ್ಕು ತಿಂಗಳು ಯಾವುವು ಎಂದು ಅವನು ಯೋಚಿಸಿರಲಿಲ್ಲ. ಮೊದಲ ಸಲ ನಾನೂ ಯೋಚಿಸಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಏಳು ಜನ. ಒಬ್ಬರು ಹೈಸ್ಕೂಲ್ ಮೇಷ್ಟ್ರು, ಇಬ್ಬರು ಜೀನ್ಸ್ ಹೊಲಿಯುವ ಯೂನಿಟ್‌ನವರು, ಒಬ್ಬರು ನರ್ಸ್. ಕೊಪ್ಪಳದವರೊಬ್ಬರು, ರಾಯಚೂರಿನವನೊಬ್ಬ ತಮ್ಮ ಊರಿನಲ್ಲೇ ಓಡಿ ಲೆಕ್ಕ ಕಳಿಸುತ್ತಾರೆ. ನನ್ನದು ಬೀಜ, ಗೊಬ್ಬರದ ಅಂಗಡಿ. ಪ್ರತಿ ಭಾನುವಾರ ರಾತ್ರಿ ಎಲ್ಲರೂ ವಾಟ್ಸಾಪ್‌ನಲ್ಲಿ ‘ವಾರದ ಲೆಕ್ಕ’ ಹಾಕುತ್ತೇವೆ. ಎಷ್ಟು ಓಡಿದೆ, ಎಷ್ಟು ಹೊತ್ತಿಗೆ ಹೊರಟೆ, ಎಲ್ಲಿ ನೋವು, ಎಷ್ಟು ನಿದ್ದೆ. ಐದು ವರ್ಷದ ಆ ಲೆಕ್ಕ ತಿರುವಿ ನೋಡಿದಾಗ ನನಗೆ ಹೊಳೆದದ್ದು ಇದು: ನಮ್ಮ ಕಡೆಯವರು ಓಟದ ಊರನ್ನು ನೋಡಿ ಆರಿಸಬಾರದು. ತಯಾರಿಯ ತಿಂಗಳನ್ನು ನೋಡಿ ಆರಿಸಬೇಕು.

ಹದಿನಾರು ವಾರ ಎಲ್ಲಿ ಬೀಳುತ್ತದೆ?

ಫುಲ್ ಮ್ಯಾರಥಾನ್ ಎಂದರೆ 42.195 ಕಿ.ಮೀ. ವಾರಕ್ಕೆ 25-30 ಕಿ.ಮೀ ಆರಾಮವಾಗಿ ಓಡುವವರಿಗೂ ತಯಾರಿಗೆ 16 ವಾರ ಬೇಕು. ಭಾನುವಾರದ ಉದ್ದ ಓಟ 14-15 ಕಿ.ಮೀನಿಂದ ಶುರುವಾಗಿ 30-32ರವರೆಗೆ ಹೋಗುತ್ತದೆ. ಮೂರು ವಾರ ಏರಿಸಿ, ನಾಲ್ಕನೇ ವಾರ ಇಳಿಸಬೇಕು. ಓಟಕ್ಕೆ ಮುಂಚಿನ ಎರಡು ಮೂರು ವಾರ ದೂರ ಕಡಿಮೆ ಮಾಡಿ ಕಾಲಿಗೆ ವಿಶ್ರಾಂತಿ ಕೊಡಬೇಕು. ಹಾಗಾಗಿ ಅತಿ ಕಷ್ಟದ ವಾರಗಳು ಬರುವುದು ಓಟಕ್ಕೆ ಮೂರರಿಂದ ಆರೇಳು ವಾರ ಮೊದಲು. ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. ಈ 16 ವಾರ ಶುರುವಾಗುವ ಮೊದಲೇ ಎರಡು ತಿಂಗಳ ತಳಪಾಯ, ಅಂದರೆ ವಾರ ತಪ್ಪದೆ ನಿಧಾನವಾಗಿ ಓಡಿದ ಅಭ್ಯಾಸ, ಇರಬೇಕು.

ಈಗ ಇದನ್ನು ನಮ್ಮೂರ ಹವೆಯ ಮೇಲೆ ಇಟ್ಟು ನೋಡಿ. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರು ಎರಡೂ ಕಡೆ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಹಗಲಿಡೀ ಕಾದ ಕಲ್ಲು, ಡಾಂಬರು ಜಾವದವರೆಗೂ ಬಿಸಿ ಬಿಡುತ್ತಲೇ ಇರುತ್ತವೆ. ಜೂನ್ ಮಧ್ಯದಿಂದ ಆಷಾಢದ ಗಾಳಿ. ನಮ್ಮಲ್ಲಿ ಮಳೆ ಕಡಿಮೆ, ವರ್ಷಕ್ಕೆ 500 ಮಿ.ಮೀ ಆಸುಪಾಸು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೀಳುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಮಾತ್ರ ಓಡುವವನಿಗೆ ಬಳ್ಳಾರಿಯಷ್ಟು ಒಳ್ಳೆಯ ಊರು ಬೇರೆ ಬೇಕಿಲ್ಲ ಅನಿಸುತ್ತದೆ. ಒಣ ಹವೆ, ಸಮತಟ್ಟು ನೆಲ, ಜಾವಕ್ಕೆ 16-18 ಡಿಗ್ರಿ.

ಹೈದರಾಬಾದ್: ಹತ್ತಿರ, ಆದರೆ ತಳಪಾಯಕ್ಕೇ ಪೆಟ್ಟು

ಹೈದರಾಬಾದ್ ಓಟ ಆಗಸ್ಟ್‌ನ ಕೊನೆಯ ಭಾಗದಲ್ಲಿ. ರಾಯಚೂರಿನವರಿಗೆ ಬಸ್ಸಿನಲ್ಲಿ ಕೆಲವೇ ತಾಸಿನ ದಾರಿ, ಬಳ್ಳಾರಿಯವರಿಗೆ ಒಂದು ರಾತ್ರಿ. ಅದೇ ಕಾರಣಕ್ಕೆ ನಾನು ಮೊದಲ ಫುಲ್ ಅಲ್ಲೇ ಓಡಿದೆ.

ಆಗಸ್ಟ್ ಕೊನೆಯಿಂದ 16 ವಾರ ಹಿಂದಕ್ಕೆ ಎಣಿಸಿ. ಮೇ ಮೊದಲ ವಾರಕ್ಕೆ ಬರುತ್ತೀರಿ. ತಳಪಾಯ ಹಾಕಬೇಕಾದ ತಿಂಗಳು ಮಾರ್ಚ್, ಏಪ್ರಿಲ್. ಅಂದರೆ ಕೆಲಸ ಶುರು ಮಾಡಬೇಕಾದ ಹೊತ್ತಿಗೇ ಊರು ಬೆಂಕಿಯಾಗಿರುತ್ತದೆ. ಆ ವರ್ಷದ ನನ್ನ ನೋಟ್‌ಬುಕ್ಕಿನ ಮೇ ಮೂರನೇ ವಾರ ಹೀಗಿದೆ:

‘ಮಂಗಳ 6. ಗುರು 7, ಕೊನೆಗೆ ನಡೆದೆ. ಭಾನು 18ಕ್ಕೆ ಹೊರಟು 13ಕ್ಕೆ ನಿಂತೆ. 4:40ಕ್ಕೆ ಶುರು, ಆಗಲೇ 28 ಡಿಗ್ರಿ. ತೂಕ 1.6 ಕೆ.ಜಿ ಇಳಿದಿದೆ. ಮಧ್ಯಾಹ್ನ ತಲೆನೋವು, ಅಂಗಡಿಯಲ್ಲಿ ಕೂರಲು ಆಗಲಿಲ್ಲ.’

ಸೆಕೆಯಲ್ಲಿ ಮನಸ್ಸು ಮಾತ್ರ ಸೋಲುವುದಲ್ಲ. ಮೈ ತಂಪಾಗಲು ರಕ್ತ ಚರ್ಮದ ಕಡೆಗೂ ಹೋಗಬೇಕು, ಓಡಲು ಕಾಲಿಗೂ ಹೋಗಬೇಕು. ಎರಡೂ ಕಡೆ ಪೂರೈಸಲು ಹೃದಯ ಜಾಸ್ತಿ ಬಡಿಯುತ್ತದೆ. ಚಳಿಗಾಲದಲ್ಲಿ ಮಾತಾಡುತ್ತಾ ಓಡುವ ವೇಗಕ್ಕೇ ಮೇನಲ್ಲಿ ಏದುಸಿರು ಬರುತ್ತದೆ. ನಾನು ಅದನ್ನು ಸೋಮಾರಿತನ ಅಂದುಕೊಂಡು ಇನ್ನೂ ಜೋರಾಗಿ ಓಡುತ್ತಿದ್ದೆ. ತಪ್ಪು ಅದೇ. ಸೆಕೆಯಲ್ಲಿ ವೇಗ ಬಿಟ್ಟು, ಇಷ್ಟು ನಿಮಿಷ ಎಂದು ಲೆಕ್ಕ ಇಟ್ಟು ಓಡಬೇಕು. ಮೈ ಸೆಕೆಗೆ ಒಗ್ಗಲು 10ರಿಂದ 14 ದಿನ ಬೇಕು. ಆ ದಿನಗಳಲ್ಲಿ ನಿಧಾನವೇ ಸರಿ.

ಜೂನ್ ಬಂದರೆ ಹಗುರಾಗುತ್ತದೆ ಎಂದು ಕಾದೆ. ಜೂನ್‌ನಲ್ಲಿ ಬಿತ್ತನೆ. ಬೆಳಿಗ್ಗೆ ಆರಕ್ಕೇ ರೈತರು ಅಂಗಡಿ ಮುಂದೆ ನಿಂತಿರುತ್ತಾರೆ. ಅವರನ್ನು ಕಾಯಿಸಿ ಓಡಲು ಹೋಗುವುದು ನನಗೆ ಆಗದ ಮಾತು. ಹೀಗೆ ಎರಡು ಭಾನುವಾರ ತಪ್ಪಿತು. ಜುಲೈನಲ್ಲಿ 30 ಕಿ.ಮೀ ಓಡಬೇಕಿತ್ತು, 24ಕ್ಕೇ ನಿಂತೆ.

ಓಟದ ದಿನ ಹುಸೇನ್ ಸಾಗರದ ಪಕ್ಕ ನೆಕ್ಲೆಸ್ ರೋಡಿನಲ್ಲಿ ಹೊರಟಾಗ ಎಲ್ಲ ಚೆನ್ನಾಗಿತ್ತು. ಆದರೆ ಹೈದರಾಬಾದ್ ದಾರಿಯ ತುಂಬ ಏರಿಳಿತ. ಒಂದಾದ ಮೇಲೊಂದು ಫ್ಲೈಓವರ್, ಜೊತೆಗೆ ಜುಬಿಲಿ ಹಿಲ್ಸ್ ಕಡೆಯ ಏರು. ಬಳ್ಳಾರಿಯ ಸಮತಟ್ಟಿನಲ್ಲಿ ಓಡಿದ ಕಾಲಿಗೆ ಅದು ಹೊಸದು. 28ನೇ ಕಿ.ಮೀನಲ್ಲಿ ಮೀನಖಂಡ ಹಿಡಿದುಕೊಂಡಿತು. ಅಲ್ಲಿಂದ ಓಡುತ್ತಾ ನಡೆಯುತ್ತಾ ಗಚ್ಚಿಬೌಲಿ ಸ್ಟೇಡಿಯಂ ಮುಟ್ಟಿದಾಗ 5 ತಾಸು 52 ನಿಮಿಷ. ಪದಕ ಸಿಕ್ಕಿತು. ಮೆಟ್ಟಿಲು ಇಳಿಯಲು ಆಗದೆ ಅಲ್ಲೇ ಕೂತು ಅತ್ತೆ.

ಹೈದರಾಬಾದ್ ಕೆಟ್ಟ ಓಟ ಎಂದು ಖಂಡಿತ ಹೇಳುತ್ತಿಲ್ಲ. ದಾರಿಯುದ್ದಕ್ಕೂ ನೀರು ಕೊಡುವವರ ಪ್ರೀತಿಯನ್ನು ಇವತ್ತಿಗೂ ಮರೆತಿಲ್ಲ. ಎರಡನೆಯದೋ ಮೂರನೆಯದೋ ಫುಲ್ ಆಗಿ ಅದನ್ನು ಆರಿಸಿ. ಇಲ್ಲವೇ ಅಲ್ಲಿ ಹಾಫ್, ಅಂದರೆ ಅರ್ಧ ಮ್ಯಾರಥಾನ್ ಓಡಿ. ಹಾಫ್‌ಗೆ ಉದ್ದ ಓಟ 16-18 ಸಾಕು, ಅದನ್ನು ಜುಲೈ ತಂಪಿನಲ್ಲಿ ಮಾಡಿಕೊಳ್ಳಬಹುದು. ಏರು ಅಭ್ಯಾಸಕ್ಕೆ ಬಳ್ಳಾರಿಯವರು ಕೋಟೆ ಗುಡ್ಡದ ಮೆಟ್ಟಿಲು ಹತ್ತಬಹುದು, ಭಾನುವಾರ ಸಂಡೂರಿಗೆ ಹೋಗಿ ಘಟ್ಟದ ದಾರಿಯಲ್ಲಿ ಓಡಬಹುದು. ಕೊಪ್ಪಳದ ನಮ್ಮ ಗೆಳೆಯರು ಅಂಜನಾದ್ರಿಯ ಮೆಟ್ಟಿಲು ಹತ್ತಿಯೇ ಹೈದರಾಬಾದ್‌ಗೆ ತಯಾರಾದರು. ಸುಮಾರು 575 ಮೆಟ್ಟಿಲು. ಇಳಿಯುವಾಗ ಮಾತ್ರ ನಡೆಯಿರಿ, ಮಂಡಿ ಉಳಿಯಲಿ.

ಬೆಂಗಳೂರು: ಹವೆ ನಮ್ಮ ಕಡೆ, ಗಾಳಿ ಎದುರು

ಬೆಂಗಳೂರು ಮ್ಯಾರಥಾನ್ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ಭಾಗದಲ್ಲಿ ಬರುತ್ತದೆ. ಕಂಠೀರವ ಸ್ಟೇಡಿಯಂನಿಂದ ಶುರು. ಊರು 900 ಮೀಟರಿಗಿಂತ ಎತ್ತರದಲ್ಲಿದೆ, ನಮ್ಮೂರಿಗಿಂತ ಸುಮಾರು 400 ಮೀಟರ್ ಮೇಲೆ. ಅಷ್ಟು ಎತ್ತರಕ್ಕೆ ಉಸಿರಿನ ಚಿಂತೆ ಬೇಡ. ಬೆಳಗಿನ ತಂಪು ಕೊಡುವ ಲಾಭವೇ ದೊಡ್ಡದು. ನಮ್ಮ ಮೇಷ್ಟ್ರು ಅಲ್ಲಿ ಓಡಿ ಬಂದು ಹೇಳಿದ್ದು ಒಂದೇ ಮಾತು: ‘ಬೆವರೇ ಬರಲಿಲ್ಲ ಅನಿಸಿತು.’

ಪ್ರಯಾಣದಲ್ಲಿ ಬೆಂಗಳೂರನ್ನು ಯಾವುದೂ ಮೀರಿಸುವುದಿಲ್ಲ. ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮೂರಕ್ಕೂ ಆಗುತ್ತದೆ. ರಾತ್ರಿ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಹೆಚ್ಚಿನವರಿಗೆ ಅಲ್ಲಿ ಒಬ್ಬ ನೆಂಟರಾದರೂ ಇರುತ್ತಾರೆ. ರೂಮಿನ ಖರ್ಚು ಉಳಿಯುತ್ತದೆ, ಓಟದ ಹಿಂದಿನ ರಾತ್ರಿ ಮನೆ ಅನ್ನ ಸಿಗುತ್ತದೆ. ಆದರೆ ಶುಕ್ರವಾರ ರಾತ್ರಿಯೇ ಹೊರಡಿ. ದೊಡ್ಡ ಓಟಗಳಲ್ಲಿ ಬಿಬ್ ಅನ್ನು, ಅಂದರೆ ಅಂಗಿಗೆ ಸಿಕ್ಕಿಸುವ ನಂಬರಿನ ಚೀಟಿಯನ್ನು, ಮುಂಚಿನ ದಿನಗಳಲ್ಲೇ ಹೋಗಿ ತೆಗೆದುಕೊಳ್ಳಬೇಕು. ಓಟದ ದಿನ ಕೊಡುವುದಿಲ್ಲ.

ತಯಾರಿ ಜೂನ್ ಮಧ್ಯದಿಂದ. ಸೆಕೆ ಮುರಿದಿರುತ್ತದೆ, ಆದರೆ ಆಷಾಢದ ಗಾಳಿ ಎದ್ದಿರುತ್ತದೆ. ಬಯಲಿನಲ್ಲಿ ಪಡುವಣ ಗಾಳಿಗೆ ಎದುರಾಗಿ ಓಡುವುದು ಏರು ಹತ್ತಿದಂತೆಯೇ. ಇದಕ್ಕೆ ನಮ್ಮ ಉಪಾಯ ಸರಳ. ಹೋಗುವಾಗ ಗಾಳಿಗೆ ಎದುರು, ಬರುವಾಗ ಗಾಳಿ ಬೆನ್ನಿಗೆ. ಉಲ್ಟಾ ಮಾಡಿದರೆ ದಣಿದ ಕಾಲಿಗೆ ಕೊನೆಯ ಹತ್ತು ಕಿ.ಮೀ ನರಕ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಉದ್ದ ಓಟಗಳು ಬೀಳುತ್ತವೆ. ಆಗ ಇನ್ನೊಂದು ತೊಂದರೆ ನಮ್ಮ ಎರೆ ಮಣ್ಣು. ಒಂದು ಮಳೆ ಬಿದ್ದರೆ ಕಾಲುವೆ ದಂಡೆ ಮುಗಿಯಿತು. ಬೂಟಿಗೆ ಮಣ್ಣು ಮೆತ್ತಿಕೊಂಡು ಹೆಜ್ಜೆ ಎತ್ತಲಾಗುವುದಿಲ್ಲ. ಅಂಥ ವಾರ ಜಿಲ್ಲಾ ಕ್ರೀಡಾಂಗಣದಲ್ಲಿ ಸುತ್ತು ಹಾಕಬೇಕು, ಇಲ್ಲವೇ ಊರೊಳಗಿನ ಡಾಂಬರು ರಸ್ತೆ. ಹೊಸಪೇಟೆ, ಸಂಡೂರು ಕಡೆಯ ಹೆದ್ದಾರಿಗೆ ಕತ್ತಲಲ್ಲಿ ಹೋಗಬೇಡಿ. ಅದಿರು ಲಾರಿಗಳ ದಾರಿ ಅದು. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಮೊದಲ ಫುಲ್‌ಗೆ ಬೆಂಗಳೂರು ಒಳ್ಳೆಯ ಆಯ್ಕೆಯೇ. ಮೇಷ್ಟ್ರಿಗಂತೂ ಹೇಳಿ ಮಾಡಿಸಿದ್ದು. ಅವರಿಗೆ ಏಪ್ರಿಲ್, ಮೇ ರಜೆ. ಜಾವ ಓಡಿ ಬಂದು ಮಲಗಬಹುದು. ಹಾಗಾಗಿ ತಳಪಾಯ ತಪ್ಪುವುದಿಲ್ಲ.

ಬೆಂಗಳೂರಿನಲ್ಲೇ 2008ರಿಂದ ನಡೆಯುವ ವರ್ಲ್ಡ್ 10ಕೆ ಇದೆ, 10 ಕಿ.ಮೀ ಓಟ. ಈಗೀಗ ಏಪ್ರಿಲ್ ಕೊನೆಗೆ ಬರುತ್ತದೆ. ಇನ್ನೂ ಒಂದೂ ಓಟ ಓಡದವರಿಗೆ ನನ್ನ ಸಲಹೆ ಅದು. ತಯಾರಿಯ ಹೆಚ್ಚಿನ ಪಾಲನ್ನು ಜನವರಿ, ಫೆಬ್ರುವರಿಯ ತಂಪಿನಲ್ಲೇ ಮುಗಿಸಿಕೊಳ್ಳಬಹುದು.

ಮುಂಬೈ: ದೂರ, ಆದರೆ ನಮ್ಮ ಚಳಿಗಾಲದ ಫಸಲು

ಮುಂಬೈ ಮ್ಯಾರಥಾನ್ ಶುರುವಾದದ್ದು 2004ರಲ್ಲಿ. ಜನವರಿ ಮೂರನೇ ಭಾನುವಾರ ನಡೆಯುತ್ತದೆ. 16 ವಾರ ಹಿಂದಕ್ಕೆ ಹೋದರೆ ಸೆಪ್ಟೆಂಬರ್ ಕೊನೆ. ತಳಪಾಯ ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಕಷ್ಟದ ವಾರಗಳು ಬೀಳುವುದು ಡಿಸೆಂಬರ್‌ನಲ್ಲಿ.

ಡಿಸೆಂಬರ್‌ನ ಬಳ್ಳಾರಿ ಹೇಗಿರುತ್ತದೆ ಎಂದು ಓಡುವವರನ್ನೇ ಕೇಳಬೇಕು. ತಿಂಗಳ ಮಧ್ಯದಿಂದ ಧನುರ್ಮಾಸ. ಜಾವ ನಾಲ್ಕೂವರೆಗೇ ಗುಡಿಗಳಲ್ಲಿ ದೀಪ, ಹಾಡು. ಬೀದಿಯಲ್ಲಿ ರಂಗೋಲಿ ಹಾಕುವ ಹೆಂಗಸರು. ಕತ್ತಲಲ್ಲಿ ಒಬ್ಬಂಟಿ ಅನಿಸುವುದೇ ಇಲ್ಲ. ನಮ್ಮ ಗುಂಪಿನ ನರ್ಸ್ ಅಕ್ಕ ಬೇರೆ ತಿಂಗಳಲ್ಲಿ ಐದೂವರೆಗೆ ಮುಂಚೆ ಮನೆ ಬಿಡುವುದಿಲ್ಲ. ಆ ತಿಂಗಳು ಮಾತ್ರ ಐದಕ್ಕೇ ಹೊರಡುತ್ತಾರೆ. ಹೆಣ್ಣುಮಕ್ಕಳಿಗೆ ಓಟ ಆರಿಸುವಾಗ ಇದೂ ಒಂದು ದೊಡ್ಡ ಕಾರಣ. ಓಡಿ ಬರುವಾಗ ಗುಡಿಯಲ್ಲಿ ಬಿಸಿ ಹುಗ್ಗಿ ಸಿಗುತ್ತದೆ ಎನ್ನುವುದನ್ನೂ ಸೇರಿಸಿಕೊಳ್ಳಿ.

ನನ್ನ ಎರಡನೇ ಫುಲ್ ಮುಂಬೈ. ಆ ಡಿಸೆಂಬರ್ ಎರಡನೇ ವಾರದ ಲೆಕ್ಕ: ‘ಮಂಗಳ 8. ಬುಧ 10. ಶುಕ್ರ 8. ಭಾನು 30. 5:00ಕ್ಕೆ ಶುರು, 17 ಡಿಗ್ರಿ. ಕೊನೆಯ 5 ಮೊದಲಿನ 5ಕ್ಕಿಂತ ಬೇಗ. ತೂಕ 900 ಗ್ರಾಂ ಕಡಿಮೆ. ಹತ್ತೂವರೆಗೆ ಅಂಗಡಿ ತೆಗೆದೆ.’

ಮೇ ತಿಂಗಳ ಲೆಕ್ಕದ ಪಕ್ಕ ಇದನ್ನು ಇಟ್ಟು ನೋಡಿ. ಅದೇ ಮನುಷ್ಯ, ಅದೇ ಕಾಲುವೆ ದಂಡೆ.

ಆದರೆ ಮುಂಬೈಯಲ್ಲಿ ಒಂದು ಗುಂಡಿ ಇದೆ, ಅದನ್ನು ತಿಳಿದೇ ಹೋಗಬೇಕು. ನಮ್ಮದು ಒಣ ಹವೆ. ಬೆವರು ಬಂದ ಹಾಗೇ ಆರುತ್ತದೆ, ಮೈ ತಂಪಾಗುತ್ತದೆ. ಎಷ್ಟು ನೀರು ಹೋಯಿತೆಂದು ಗೊತ್ತೇ ಆಗುವುದಿಲ್ಲ. ಅಂಗಿಯ ಮೇಲೆ ಬಿಳಿ ಉಪ್ಪಿನ ಗೆರೆ ನೋಡಿದಾಗಲೇ ತಿಳಿಯುವುದು. ಮುಂಬೈಯದು ಸಮುದ್ರದ ಹವೆ. ಬೆವರು ಆರುವುದಿಲ್ಲ, ಮೈಯಿಂದ ಸುಮ್ನೆ ಸುರಿಯುತ್ತದೆ. ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಬಳ್ಳಾರಿಯ ಚಳಿಯಲ್ಲಿ ಓಡಿದ ವೇಗವನ್ನೇ ಅಲ್ಲಿ ನಂಬಿದರೆ ಎಂಟು ಗಂಟೆಯ ಬಿಸಿಲಿಗೆ ಬೀಳುತ್ತೀರಿ. ನಾನು ಕಿ.ಮೀಗೆ 15 ಸೆಕೆಂಡ್ ನಿಧಾನವಾಗಿಯೇ ಶುರು ಮಾಡಿದೆ.

ಓಟ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಹತ್ತಿರದಿಂದ. ರಾಯಚೂರಿನವರಿಗೆ ಇದು ವರ. ಉದ್ಯಾನ್ ಎಕ್ಸ್‌ಪ್ರೆಸ್ ರಾಯಚೂರಿನಲ್ಲಿ ಹತ್ತಿದರೆ ಅದೇ ನಿಲ್ದಾಣದಲ್ಲಿ ಇಳಿಸುತ್ತದೆ. ಬಳ್ಳಾರಿಯವರು ಗುಂತಕಲ್‌ಗೆ ಹೋಗಿ ಅದೇ ಗಾಡಿ ಹಿಡಿಯಬಹುದು. ನಾನು ಓಡಿದ ವರ್ಷ ಮರೀನ್ ಡ್ರೈವ್, ಪೆಡ್ಡರ್ ರೋಡಿನ ಏರು, ಸಮುದ್ರದ ಮೇಲಿನ ಸೇತುವೆ, ಮತ್ತೆ ಅದೇ ದಾರಿಯಲ್ಲಿ ವಾಪಸ್. ಬರುವಾಗ ಪೆಡ್ಡರ್ ರೋಡ್ 30 ದಾಟಿದ ಮೇಲೆ ಸಿಗುತ್ತದೆ. ಆ ಏರಿನಲ್ಲಿ ಎರಡೂ ಕಡೆ ಜನ. ಕಿತ್ತಳೆ ತೊಳೆ, ಚಿಕ್ಕಿ, ಬಿಸ್ಕತ್ತು ಹಿಡಿದು ನಿಂತ ಮಕ್ಕಳು, ಮುದುಕರು. ಬಿಬ್ ಮೇಲಿನ ಹೆಸರು ಓದಿ ಕೂಗುತ್ತಾರೆ. ಬಳ್ಳಾರಿಯ ಗೊಬ್ಬರದ ಅಂಗಡಿಯವನ ಹೆಸರನ್ನು ಮುಂಬೈಯ ಅಜ್ಜಿಯೊಬ್ಬರು ಕೂಗಿದಾಗ ಆದ ಹಿಗ್ಗನ್ನು ಹೇಗೆ ಹೇಳಲಿ? 4 ತಾಸು 51 ನಿಮಿಷಕ್ಕೆ ಮುಗಿಸಿದೆ.

ಒಂದು ತಾಸಿನ ಈ ವ್ಯತ್ಯಾಸ ಪೂರಾ ಹವೆಯಿಂದಲೇ ಬಂದದ್ದಲ್ಲ. ಎರಡನೇ ಸಲ ಅನುಭವ ಇತ್ತು, ತಿನ್ನುವುದು ಕಲಿತಿದ್ದೆ. ಆದರೆ ಎರಡೂ ನೋಟ್‌ಬುಕ್ ಎದುರಿಟ್ಟು ಎಣಿಸಿದೆ. ಹೈದರಾಬಾದ್ ತಯಾರಿಯಲ್ಲಿ ತಪ್ಪಿದ ಅಥವಾ ಅರ್ಧಕ್ಕೆ ನಿಂತ ಉದ್ದ ಓಟ ಏಳು. ಮುಂಬೈ ತಯಾರಿಯಲ್ಲಿ ಒಂದು.

ಖರ್ಚು ಜಾಸ್ತಿ, ಅದು ನಿಜ. ರೂಮು ದುಬಾರಿ, ಕನಿಷ್ಠ ಎರಡು ರಾತ್ರಿ ಬೇಕು. ಇಬ್ಬರು ಮೂವರು ಸೇರಿ ಹೋದರೆ ತಡೆಯಬಹುದು. ಇನ್ನೊಂದು ಎಚ್ಚರ: ಓಟಕ್ಕೆ ಕೆಲವೇ ದಿನ ಮುಂಚೆ ಸಂಕ್ರಾಂತಿ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಪದಾರ್ಥ. ತಿನ್ನಿ, ಹಬ್ಬ ಬಿಡಬೇಡಿ. ಓಟದ ಹಿಂದಿನ ಎರಡು ದಿನ ಮಾತ್ರ ನಾರು, ಎಣ್ಣೆ ಜಾಸ್ತಿ ಇರುವುದನ್ನು ದೂರ ಇಡಿ. ಅನ್ನ, ತಿಳಿ ಸಾರು, ಮೊಸರು ಸಾಕು.

ಚೆನ್ನೈ, ದೆಹಲಿ

ಚೆನ್ನೈ ಜನವರಿ ಮೊದಲ ವಾರದಲ್ಲಿ. ತಯಾರಿಯ ತಿಂಗಳು ಮುಂಬೈಯವೇ, ಹವೆಯ ಜಿಗುಟೂ ಅದೇ. ನೆಲ ಸಮತಟ್ಟು. ಮುಂಬೈಗೆ ಜಾಗ ಸಿಗದವರು ನೋಡಬಹುದು.

ದೆಹಲಿ ಮ್ಯಾರಥಾನ್ ಫೆಬ್ರುವರಿ ಕೊನೆಗೆ. ಬರೀ ಓಟದ ದೃಷ್ಟಿಯಿಂದ ನೋಡಿದರೆ ನಮ್ಮ ಕಡೆಯವರಿಗೆ ಅದರಷ್ಟು ಹೊಂದುವುದು ಇನ್ನೊಂದಿಲ್ಲ. ತಯಾರಿ ನವೆಂಬರ್‌ನಿಂದ, ಇಡೀ 16 ವಾರ ನಮ್ಮ ಚಳಿಗಾಲದೊಳಗೇ. ದಾರಿ ಸಮತಟ್ಟು, ಬೆಳಿಗ್ಗೆ ತಂಪು. ಅಡ್ಡಿ ಒಂದೇ, ದೂರ. ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರಿನ ಮೇಲೆಯೇ ಹೋಗುತ್ತದೆ, ಆದರೆ ಅಷ್ಟು ಹೊತ್ತು ಗಾಡಿಯಲ್ಲಿ ಕೂತು ಇಳಿದ ಕಾಲು ಕಟ್ಟಿಗೆಯಂತಾಗಿರುತ್ತದೆ. ಎರಡು ದಿನ ಮುಂಚೆ ತಲುಪುವಷ್ಟು ರಜೆ ಇದ್ದರೆ ಯೋಚಿಸಿ.

ಹಾಫ್ ಮೊದಲೋ, ನೇರ ಫುಲ್ಲೋ

ಇದರಲ್ಲಿ ನನಗೆ ಅನುಮಾನವೇ ಇಲ್ಲ. ಹಾಫ್ ಓಡದೆ ಫುಲ್‌ಗೆ ಹೋಗಬೇಡಿ. ದೊಡ್ಡ ಓಟಗಳಲ್ಲಿ ಕೆಲವು ಮೊದಲಿನ ಓಟದ ಸಮಯದ ಸರ್ಟಿಫಿಕೇಟ್ ಕೇಳುತ್ತವೆ, ಅದು ಒಂದು. ಹಾಫ್ ಎರಡು ಸೇರಿದರೆ ಫುಲ್ ಆಗುವುದಿಲ್ಲ, ಇದು ಇನ್ನೊಂದು. ಮೈಯಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು ಸುಮಾರು 30 ಕಿ.ಮೀ ಹೊತ್ತಿಗೆ ಬರಿದಾಗುತ್ತದೆ. ಆಮೇಲೆ ಕೊಬ್ಬು ಕರಗಿಸಿ ಓಡಬೇಕು, ಅದು ನಿಧಾನದ ಕೆಲಸ. ಓಡುವವರು ‘ಗೋಡೆ’ ಎನ್ನುವುದು ಇದನ್ನೇ. ಹಾಫ್‌ನಲ್ಲಿ ಆ ಗೋಡೆ ಕಾಣುವುದೇ ಇಲ್ಲ.

ಹಾಗಾಗಿ ಓಡುತ್ತಾ ತಿನ್ನುವುದನ್ನೂ ಕಲಿಯಬೇಕು. ತಾಸಿಗೆ 30ರಿಂದ 60 ಗ್ರಾಂ ಪಿಷ್ಟ, ಸಕ್ಕರೆ ಹೊಟ್ಟೆಗೆ ಹೋಗಬೇಕು. ಒಂದು ಮಧ್ಯಮ ಪಚ್ಚಬಾಳೆಯಲ್ಲಿ ಸುಮಾರು 25 ಗ್ರಾಂ, ಏಲಕ್ಕಿ ಬಾಳೆಯಾದರೆ ಎರಡು ಬೇಕು. ಖರ್ಜೂರ, ಬೆಲ್ಲದ ಚಿಕ್ಕಿ ನಮ್ಮ ಗುಂಪಿಗೆ ಹಿಡಿಸಿವೆ. ಜೆಲ್ (ಪೊಟ್ಟಣದಲ್ಲಿ ಬರುವ ಸಕ್ಕರೆಯ ಗಟ್ಟಿ ಪಾಕ) ತಗೊಳ್ಳುವವರು ಉದ್ದ ಓಟದಲ್ಲೇ ಪರೀಕ್ಷಿಸಿ. ಓಟದ ದಿನ ಹೊಸದೇನೂ ಬೇಡ, ಬೂಟೂ ಸೇರಿ. ಬರೀ ನೀರನ್ನೇ ಕುಡಿಯುತ್ತಾ ಹೋಗುವುದೂ ಅಪಾಯ, ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತದೆ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಓಆರ್‌ಎಸ್ ಪಾಕೀಟು. ಅದು ಸಿಗದಿದ್ದರೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ತಲೆ ತಟ್ಟಿ ಅಳೆದದ್ದು.

ನಲವತ್ತು ದಾಟಿದವರು, ಬಿಪಿ, ಸಕ್ಕರೆ ಇರುವವರು ಹೆಸರು ಕೊಡುವ ಮೊದಲು ಡಾಕ್ಟರಿಗೆ ತೋರಿಸಿ. ಓಡುವಾಗ ಜೊತೆಯವರು ತಡವರಿಸಿ ಮಾತಾಡಿದರೆ, ದಾರಿ ತಪ್ಪಿದವರಂತೆ ವರ್ತಿಸಿದರೆ ಅದು ಬಿಸಿಲು ಹೊಡೆತದ ಸೂಚನೆ. ತಕ್ಷಣ ನಿಲ್ಲಿಸಿ, ನೆರಳಿಗೆ ಕರೆತಂದು, ಮೈಮೇಲೆ ನೀರು ಸುರಿದು, ಆಸ್ಪತ್ರೆಗೆ ಒಯ್ಯಿರಿ.

ಲೆಕ್ಕ ಯಾವುದರಲ್ಲಿ ಇಡಬೇಕು

ಯಾವ ಓಟ ನನಗೆ ಸರಿ ಎಂದು ಕೊನೆಗೆ ಹೇಳುವುದು ನಿಮ್ಮದೇ ವಾರದ ಲೆಕ್ಕ. ಹಾಗಾಗಿ ಅದನ್ನು ಹೇಗೆ ಇಡುತ್ತೀರಿ ಎನ್ನುವುದೂ ಮುಖ್ಯ. ನಮ್ಮಲ್ಲಿ ಮೂರು ಬಗೆಯವರಿದ್ದಾರೆ.

ಮೊಬೈಲ್ ಆ್ಯಪ್ ದೂರ, ವೇಗವನ್ನು ತಾನೇ ಬರೆದುಕೊಳ್ಳುತ್ತದೆ. ಸ್ಟ್ರಾವಾದಂಥವು ಖರ್ಚಿಲ್ಲದೆಯೂ ಸಿಗುತ್ತವೆ. ಆದರೆ ಎಲ್ಲರೂ ನೋಡುತ್ತಾರೆ ಎನ್ನುವಾಗ ನಿಧಾನ ಓಡಬೇಕಾದ ದಿನವೂ ಕಾಲು ಜೋರಾಗಿ ಬೀಳುತ್ತದೆ. ನಮ್ಮ ಜೀನ್ಸ್ ಯೂನಿಟ್‌ನ ಗೆಳೆಯ ಹೀಗೇ ದಿನಾ ಜೋರಾಗಿ ಓಡಿ ಮುಂಗಾಲು ಮೂಳೆ ನೋವಿನಿಂದ ಆರು ವಾರ ಕೂತ. ವಾರದ ಓಟದಲ್ಲಿ ಹೆಚ್ಚಿನ ಪಾಲು ಮಾತಾಡುತ್ತಾ ಓಡುವಷ್ಟು ನಿಧಾನವಾಗಿರಬೇಕು. ಇನ್ನೊಂದು ಮಾತು, ಹೆಣ್ಣುಮಕ್ಕಳಿಗೆ ವಿಶೇಷವಾಗಿ: ಆ್ಯಪ್‌ನಲ್ಲಿ ನಿಮ್ಮ ಮನೆಯಿಂದ ಹೊರಡುವ ಜಾಗ ಎಲ್ಲರಿಗೂ ಕಾಣಬಹುದು. ಸೆಟ್ಟಿಂಗ್‌ಗೆ ಹೋಗಿ ಶುರು, ಕೊನೆ ಎರಡನ್ನೂ ಮರೆಮಾಡಿ. ಗೊತ್ತಿರುವವರಿಗೆ ಮಾತ್ರ ಕಾಣುವಂತೆ ಇಡಿ.

ವಾಚು ಎದೆಬಡಿತವನ್ನೂ ಹೇಳುತ್ತದೆ. ಸೆಕೆಯ ತಿಂಗಳಲ್ಲಿ ಅದರಿಂದ ನಿಜಕ್ಕೂ ಉಪಯೋಗ. ವೇಗ ಬಿಟ್ಟು ಬಡಿತ ನೋಡಿ ಓಡಬಹುದು. ಮುಂಗೈಯಲ್ಲಿ ಓದುವ ಬಡಿತ ಕೆಲವೊಮ್ಮೆ ತಪ್ಪುತ್ತದೆ, ಪಟ್ಟಿ ಬಿಗಿಯಾಗಿರಲಿ. ಮೊದಲ ವರ್ಷವೇ ಕೊಳ್ಳಬೇಕೇ? ನನ್ನ ಮಟ್ಟಿಗೆ ಬೇಡ. ಆ ದುಡ್ಡಿಗೆ ಒಳ್ಳೆಯ ಬೂಟು, ಮುಂಬೈ ಟಿಕೆಟ್ ಎರಡೂ ಬರುತ್ತವೆ.

ನಾನು ನೋಟ್‌ಬುಕ್ಕಿನವನು. ದೂರ ಮಾತ್ರ ಮೊಬೈಲಿನಿಂದ ಬರೆದುಕೊಳ್ಳುತ್ತೇನೆ. ಉಳಿದದ್ದು ಕೈಬರಹ. ಓಡುವ ಮೊದಲು, ಆದ ಮೇಲೆ ತೂಕ ನೋಡುತ್ತೇನೆ. ಒಂದು ಕೆ.ಜಿ ಇಳಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹೋಯಿತು ಎಂದರ್ಥ. ಎಷ್ಟು ಗಂಟೆ ಮಲಗಿದೆ, ಎಡ ಮಂಡಿ ಹೇಗಿದೆ, ಮಳೆಯೋ ಗಾಳಿಯೋ, ಆಮೇಲೆ ಅಂಗಡಿಯಲ್ಲಿ ಹೇಗೆ ಕೂತೆ. ಈ ಕೊನೆಯ ಸಾಲನ್ನು ಯಾವ ಆ್ಯಪ್ ತಾನಾಗಿ ಕೇಳಿತು? ಓಟ ನಿಮ್ಮ ದುಡಿಮೆಯನ್ನು ತಿನ್ನುತ್ತಿದೆಯೋ ಇಲ್ಲವೋ ಎಂದು ಅದೇ ಹೇಳುತ್ತದೆ.

ನಿಮ್ಮ ದುಡಿಮೆ ಯಾವ ತಿಂಗಳಲ್ಲಿ?

ಹವೆಯ ಲೆಕ್ಕ ಆದ ಮೇಲೆ ಇದನ್ನು ನೋಡಿ. ಬಿತ್ತನೆಯ ಕಾಲದಲ್ಲಿ ಬಿಡುವಿಲ್ಲದ ರೈತರು, ನನ್ನಂಥ ಅಂಗಡಿಯವರಿಗೆ ಹೈದರಾಬಾದ್ ಆಗದು. ಮುಂಬೈ, ದೆಹಲಿ ಸರಿ. ಮೇಷ್ಟ್ರುಗಳಿಗೆ ಬೆಂಗಳೂರು ಸರಿ. ಫೆಬ್ರುವರಿ, ಮಾರ್ಚ್ ಪರೀಕ್ಷೆಯ ಗಡಿಬಿಡಿ ಇರುವುದರಿಂದ ದೆಹಲಿ ಅವರಿಗೆ ಕಷ್ಟ. ಜೀನ್ಸ್ ಹೊಲಿಗೆಯವರಿಗೆ ದಸರಾ, ದೀಪಾವಳಿಗೆ ಮುಂಚೆ ರಾತ್ರಿ ಪಾಳಿ. ಬೆಂಗಳೂರಿನ ಕಷ್ಟದ ವಾರಗಳು ಅಲ್ಲೇ ಬೀಳುತ್ತವೆ. ಪಾಳಿ ಬದಲಾಗುವ ನರ್ಸ್, ಕಾರ್ಖಾನೆಯವರು ಉದ್ದ ಓಟವನ್ನು ಭಾನುವಾರಕ್ಕೇ ಕಟ್ಟಿಹಾಕಬೇಡಿ. ರಾತ್ರಿ ಪಾಳಿ ಮುಗಿದ ಬೆಳಿಗ್ಗೆ ಮಾತ್ರ ಉದ್ದ ಓಟ ಬೇಡವೇ ಬೇಡ.

ಪ್ರಶ್ನೆ ಕೇಳಿದ ಹುಡುಗನೂ ಜೀನ್ಸ್ ಯೂನಿಟ್‌ನವನೇ. ಅವನ ಮೂರು ತಿಂಗಳ ಲೆಕ್ಕ ತೆಗೆದು ಇಬ್ಬರೂ ಕೂತು ನೋಡಿದೆವು. ವಾರಕ್ಕೆ 22 ಕಿ.ಮೀ ಬರುತ್ತಿದೆ, 15ಕ್ಕಿಂತ ಉದ್ದ ಒಂದೂ ಇಲ್ಲ. ಅವನಿಗೆ ಹೇಳಿದ್ದು ಹೀಗೆ: ಈ ಸಲ ಹೈದರಾಬಾದ್ ಹಾಫ್ ಓಡು. ದೀಪಾವಳಿವರೆಗೆ ವಾರಕ್ಕೆ 25 ಬಿಡದೆ ಹಿಡಿದುಕೋ. ಮುಂಬೈ ಫುಲ್ ಆಮೇಲಿನ ವರ್ಷಕ್ಕೆ. ಮುಖ ಸ್ವಲ್ಪ ಚಿಕ್ಕದಾಯಿತು, ಆಮೇಲೆ ಒಪ್ಪಿಕೊಂಡ. ಮುಂಬೈಗೆ ತಿಂಗಳುಗಟ್ಟಲೆ ಮುಂಚೆಯೇ ಹೆಸರು ಕೊಡಬೇಕು. ರೈಲು ಟಿಕೆಟ್ 60 ದಿನ ಮುಂಚೆ ತೆರೆಯುತ್ತದೆ. ಸಂಕ್ರಾಂತಿಯ ಗರ್ದಿ ಬೇರೆ ಇರುತ್ತದೆ. ಹಾಗಾಗಿ ನವೆಂಬರ್ ಮಧ್ಯದ ಆ ದಿನವನ್ನು ಅವನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಈಗಲೇ ಬರೆಸಿಟ್ಟಿದ್ದೇನೆ.